ಇಳಿಸಿ ಬಂದ ಹಡಗು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನ್ಯೂಪೋರ್ಟ್ ನ್ಯೂಸ್ ಎಂಬ ಊರಿದೆ. ಹಡಗು ಕಟ್ಟುವುದಕ್ಕೆ ಹೆಸರಾದ ಊರು. 1939ರ ಆಗಸ್ಟ್ 31ರಂದು ಅಲ್ಲಿ ಒಂದು ಭಾರಿ ಹಡಗನ್ನು ನೀರಿಗಿಳಿಸಿದರು. ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಖುದ್ದಾಗಿ ಬಂದು ಅದಕ್ಕೆ 'ಅಮೆರಿಕ' ಎಂದು ಹೆಸರಿಟ್ಟರು. ನಾವು ಹೊಸ ಲಾರಿಯ ಮುಂದೆ ತೆಂಗಿನಕಾಯಿ ಒಡೆಯುವ ಹಾಗೆ ಅವರು ಹಡಗಿನ ಮೂತಿಗೆ ಬಾಟಲಿ ಒಡೆಯುತ್ತಾರೆ. ಆದರೆ ಮುಹೂರ್ತ ಮಾತ್ರ ಬಲು ಕೆಟ್ಟದ್ದಾಗಿತ್ತು. ಮರುದಿನ ಬೆಳಗಿನ ಜಾವ ಹಿಟ್ಲರನ ಸೇನೆ ಪೋಲೆಂಡಿನ ಗಡಿ ದಾಟಿತು. ಎರಡನೆಯ ಮಹಾಯುದ್ಧ ಶುರುವಾಯಿತು.

ಕಟ್ಟಿದವರ ಮನಸ್ಸಿನಲ್ಲಿದ್ದುದು ಯುದ್ಧವಲ್ಲ, ವಿಹಾರ. ಉದ್ದ 723 ಅಡಿ. ಸುಮಾರು 1,200 ಪ್ರಯಾಣಿಕರು ಅಟ್ಲಾಂಟಿಕ್ ದಾಟಿ ಯೂರೋಪಿಗೆ ಹೋಗಿ ಬರಲೆಂದು ಮಾಡಿದ್ದು. ವಿನ್ಯಾಸಕಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್. ಒಳಾಂಗಣದ ಅಲಂಕಾರವನ್ನು ಮಹಿಳೆಯರೇ ನಡೆಸುತ್ತಿದ್ದ ಒಂದು ಸಂಸ್ಥೆಗೆ ವಹಿಸಿದ್ದರು. ಆ ಕಾಲಕ್ಕೆ ಅದೊಂದು ವಿಶೇಷ. ಹಡಗಿನ ಮೇಲೆ ಎರಡು ದೊಡ್ಡ ಹೊಗೆಕೊಳವೆಗಳಿದ್ದವು. ಅದರಲ್ಲಿ ಮುಂದಿನದು ಬರೀ ತೋರಿಕೆಯದು, ಹೊಗೆಯೇ ಬಾರದ ಕೊಳವೆ! ಎರಡು ಕೊಳವೆ ಇದ್ದರೆ ನೋಡಲು ಠೀವಿ ಎಂದು ಇಟ್ಟದ್ದು.

ನನಗೆ ಹಡಗುಗಳ ಸೇವಾಚರಿತ್ರೆ ಓದುವ ಒಂದು ಹುಚ್ಚಿದೆ. ನೌಕಾಪಡೆಯವರು ಪ್ರತಿಯೊಂದು ಹಡಗಿಗೂ ಇಂಥದೊಂದು ಚರಿತ್ರೆ ಬರೆದಿಡುತ್ತಾರೆ. ಓದಲು ಅದೇನೂ ಸ್ವಾರಸ್ಯವಾಗಿರುವುದಿಲ್ಲ. ನಮ್ಮ ಬಸ್ ಕಂಡಕ್ಟರನ ವೇ ಬಿಲ್ಲಿನ ಹಾಗೆ ಇರುತ್ತದೆ. ಇಂಥ ದಿನ ಇಂಥ ಬಂದರು, ಹತ್ತಿದವರು ಇಷ್ಟು, ಇಳಿದವರು ಇಷ್ಟು. ಇಳಿದವನು ಆಮೇಲೆ ಎಲ್ಲಿಗೆ ಹೋದ, ಮನೆ ಸೇರಿದನೇ ಇಲ್ಲವೇ ಎಂದು ಕಂಡಕ್ಟರ್ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಈ ಹಡಗಿನ ಚರಿತ್ರೆಯಲ್ಲಿ ಅಂಥ ಒಂದು ಸಾಲು ಬರುತ್ತದೆ. ಅದರ ಬೆನ್ನು ಹತ್ತಿ ಹೋದದ್ದರಿಂದ ಈ ಲೇಖನ.

ಯೂರೋಪಿನಲ್ಲಿ ಯುದ್ಧ ನಡೆಯುತ್ತಿದ್ದುದರಿಂದ ಹೊಸ ಹಡಗು ಅತ್ತ ಹೋಗುವಂತಿರಲಿಲ್ಲ. 1940ರ ಆಗಸ್ಟಿನಿಂದ ಅದು ಕೆರಿಬಿಯನ್ ದ್ವೀಪಗಳ ಕಡೆ ಶ್ರೀಮಂತರನ್ನು ಸುತ್ತಾಡಿಸಿತು. ಅಮೆರಿಕ ಆಗ ತಟಸ್ಥ ದೇಶ. ಜರ್ಮನ್ ಜಲಾಂತರ್ಗಾಮಿಗಳು ತಪ್ಪಿ ಹೊಡೆಯದಿರಲೆಂದು ಹಡಗಿನ ಎರಡೂ ಮಗ್ಗುಲಿಗೆ ರಾಷ್ಟ್ರಧ್ವಜವನ್ನೂ ಹೆಸರನ್ನೂ ಆಳೆತ್ತರ ಮೀರಿದ ಅಕ್ಷರಗಳಲ್ಲಿ ಬರೆಸಿದ್ದರು. ತಮಾಷೆಯೆಂದರೆ, ಹೊರಗೆ ಇಷ್ಟು ಎಚ್ಚರವಿದ್ದಾಗ ಒಳಗಿನ ಸಿಬ್ಬಂದಿಯಲ್ಲೇ ಇಬ್ಬರು ಜರ್ಮನ್ ಗೂಢಚಾರರಿದ್ದರು. ಒಬ್ಬನಂತೂ ಹಡಗಿನ ಮಾಂಸ ಕತ್ತರಿಸುವವರ ಮುಖ್ಯಸ್ಥ. 1941ರಲ್ಲಿ ಎಫ್‌ಬಿಐ ಭೇದಿಸಿದ 33 ಮಂದಿಯ ದೊಡ್ಡ ಬೇಹುಗಾರಿಕೆ ಜಾಲದಲ್ಲಿ ಇವರೂ ಸಿಕ್ಕಿಬಿದ್ದು ಶಿಕ್ಷೆಗೊಳಗಾದರು.

1941ರ ಜೂನಿನಲ್ಲಿ ಅಮೆರಿಕದ ನೌಕಾಪಡೆ ಹಡಗನ್ನು ವಶಕ್ಕೆ ತೆಗೆದುಕೊಂಡು 'ವೆಸ್ಟ್ ಪಾಯಿಂಟ್' ಎಂದು ಹೆಸರು ಬದಲಿಸಿತು. ಅದು ಅವರ ಪ್ರಸಿದ್ಧ ಸೇನಾ ಅಕಾಡೆಮಿ ಇರುವ ಜಾಗದ ಹೆಸರು. ಬಣ್ಣವೆಲ್ಲ ಹೋಗಿ ಬೂದಿ ಬಳಿದದ್ದಾಯಿತು. ಮೆತ್ತನೆಯ ಹಾಸಿಗೆಗಳಿದ್ದ ಕಡೆ ಒಂದರ ಮೇಲೊಂದು ಅಟ್ಟಣಿಗೆಯಂತೆ ಮಂಚಗಳು ಬಂದವು. 1,200 ಜನರಿಗೆಂದು ಕಟ್ಟಿದ ಹಡಗಿನಲ್ಲಿ ಮುಂದೆ ಒಂದು ಸಲ 9,305 ಜನರನ್ನು ಒಯ್ದರು ಎಂದರೆ ಆ ಮಂಚಗಳ ನಡುವೆ ಎಷ್ಟು ಗಾಳಿ ಆಡುತ್ತಿತ್ತೆಂದು ನೀವೇ ಊಹಿಸಿಕೊಳ್ಳಿ.

ಮೊದಲ ಕೆಲಸ ವಿಚಿತ್ರವಾದದ್ದು. ಜರ್ಮನಿ, ಇಟಲಿಗಳ ದೂತಾವಾಸಗಳನ್ನು ಮುಚ್ಚಿಸಿದ ಅಮೆರಿಕ ಅವರ ಅಧಿಕಾರಿಗಳನ್ನು ಸಂಸಾರ ಸಮೇತ ಊರಿಗೆ ಕಳಿಸಬೇಕಿತ್ತು. ಜುಲೈನಲ್ಲಿ ಸುಮಾರು 460 ಮಂದಿಯನ್ನು ಹತ್ತಿಸಿಕೊಂಡು 'ವೆಸ್ಟ್ ಪಾಯಿಂಟ್' ಪೋರ್ಚುಗಲ್ಲಿನ ಲಿಸ್ಬನ್‌ಗೆ ಹೋಯಿತು. ಬರುವಾಗ ಅತ್ತಲಿಂದ ಹೊರಹಾಕಲ್ಪಟ್ಟ ಅಮೆರಿಕನ್ನರನ್ನೂ ಕೆಲವು ಚೀನೀಯರನ್ನೂ ಕರೆತಂದಿತು. ನಾಳೆ ಶತ್ರುಗಳಾಗುವವರನ್ನು ಉಪಚರಿಸಿ ಮನೆ ಮುಟ್ಟಿಸಿದ ಪ್ರಯಾಣ.

ಮುಂದಿನದೇ ನಾನು ಹೇಳಹೊರಟ ಪ್ರಯಾಣ. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರ ಬಳಿ ಸೈನಿಕರಿದ್ದರು, ಅವರನ್ನು ಸಾಗಿಸಲು ಹಡಗುಗಳಿರಲಿಲ್ಲ. 1941ರ ಸೆಪ್ಟೆಂಬರಿನಲ್ಲಿ ಅವರು ರೂಸ್‌ವೆಲ್ಟರನ್ನು ಹಡಗು ಕೇಳಿದರು. ರೂಸ್‌ವೆಲ್ಟ್ ಒಪ್ಪಿದರು. ಹೀಗೆ ಇನ್ನೂ ಯುದ್ಧಕ್ಕಿಳಿಯದ ದೇಶದ ನೌಕಾಪಡೆ, ಯುದ್ಧದಲ್ಲಿ ಮುಳುಗಿದ್ದ ಇನ್ನೊಂದು ದೇಶದ ಸೈನಿಕರನ್ನು ಗುಟ್ಟಾಗಿ ಸಾಗಿಸತೊಡಗಿತು. ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಿಂದ ನವೆಂಬರ್ 10ರಂದು ಆರು ಅಮೆರಿಕನ್ ಹಡಗುಗಳು ಹೊರಟವು. ಒಟ್ಟು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಸೈನಿಕರು. ಎಲ್ಲರೂ ಬ್ರಿಟನ್ನಿನ 18ನೆಯ ಡಿವಿಷನ್ನಿನವರು. ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್, ಸಫೋಕ್, ಕೇಂಬ್ರಿಜ್‌ಷೈರ್ ಕಡೆಯ ಹುಡುಗರೇ ಅವರಲ್ಲಿ ಹೆಚ್ಚು. ಹೊಲಗದ್ದೆಗಳ ಸೀಮೆಯವರು. ಹೋಗಬೇಕಾಗಿದ್ದುದು ಮಧ್ಯಪ್ರಾಚ್ಯದ ಮರಳುಗಾಡಿಗೆ.

ಹಡಗಿನಲ್ಲಿ ಅವರಿಗೆ ಊಟಕ್ಕೇನೂ ಕೊರತೆ ಇರಲಿಲ್ಲ. ಎರಡು ವರ್ಷದಿಂದ ರೇಷನ್ನಿನಲ್ಲಿ ಅರೆಹೊಟ್ಟೆ ಉಂಡವರಿಗೆ ಅಮೆರಿಕನ್ನರ ಅಡುಗೆಮನೆ ಹಬ್ಬದ ಮನೆಯೇ ಸರಿ. ಆದರೆ ಅಮೆರಿಕದ ನೌಕಾಪಡೆಯ ಹಡಗುಗಳಲ್ಲಿ 1914ರಿಂದ ಮದ್ಯ ನಿಷೇಧ. ಬ್ರಿಟಿಷ್ ಸಿಪಾಯಿಗೆ ಇದು ಎಷ್ಟು ಕಹಿಯಾಗಿತ್ತೋ!

ಹಡಗುಗಳು ಆಫ್ರಿಕದ ತುದಿಯ ಕೇಪ್‌ಟೌನ್ ತಲುಪಿದ್ದು ಡಿಸೆಂಬರ್ 9ಕ್ಕೆ. ಅದಕ್ಕೆ ಎರಡು ದಿನ ಮುಂಚೆ, ಅವು ಇನ್ನೂ ನಡುಸಮುದ್ರದಲ್ಲಿದ್ದಾಗ, ಜಪಾನ್ ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿ ಸೈನಿಕರು ಮಲಯದ ಕೋಟಾ ಭಾರು ಎಂಬಲ್ಲಿ ಇಳಿದರು. ಹ್ಯಾಲಿಫ್ಯಾಕ್ಸಿನಲ್ಲಿ ಹಡಗು ಬಿಟ್ಟಾಗ ಇದ್ದ ಯುದ್ಧವೇ ಬೇರೆ, ಕೇಪ್‌ಟೌನಿನಲ್ಲಿ ಲಂಗರು ಹಾಕಿದಾಗ ಇದ್ದ ಯುದ್ಧವೇ ಬೇರೆ. ಮರಳುಗಾಡಿಗೆಂದು ತರಬೇತಾದವರಿಗೆ ಈಗ ಪೂರ್ವಕ್ಕೆ ತಿರುಗಲು ಆಜ್ಞೆಯಾಯಿತು.

'ವೆಸ್ಟ್ ಪಾಯಿಂಟ್' ಮುಂಬಯಿಗೆ ಬಂದದ್ದು ಡಿಸೆಂಬರ್ 27ರಂದು. ಏಳು ವಾರ ನೀರಿನ ಮೇಲಿದ್ದ ಸೈನಿಕರನ್ನು ಇಳಿಸಿ, ಹಲವರನ್ನು ಅಹಮದ್‌ನಗರಕ್ಕೆ ತರಬೇತಿಗೆ ಕಳಿಸಿದರು. ಅಷ್ಟು ದಿನ ಹಡಗಿನಲ್ಲಿ ಕುಳಿತವರ ಕಾಲುಗಳಿಗೆ ಮತ್ತೆ ನಡಿಗೆ ಕಲಿಸಬೇಕಲ್ಲ! ಸುಮಾರು ಮೂರು ವಾರ ಕಳೆದ ಮೇಲೆ ಅವರನ್ನು ಮತ್ತೆ ಮುಂಬಯಿಯಲ್ಲಿ ಹಡಗು ಹತ್ತಿಸಿದರು. 'ವೆಸ್ಟ್ ಪಾಯಿಂಟ್' ಒಂದರಲ್ಲೇ ಐದು ಸಾವಿರಕ್ಕೂ ಹೆಚ್ಚು ಜನ. ಜೊತೆಗೆ 'ವೇಕ್‌ಫೀಲ್ಡ್' ಎಂಬ ಇನ್ನೊಂದು ಅಮೆರಿಕನ್ ಹಡಗು. ಗುರಿ ಸಿಂಗಪುರ.

1942ರ ಜನವರಿ 29ರಂದು ಎರಡೂ ಹಡಗುಗಳು ಸಿಂಗಪುರದ ಬಂದರು ಸೇರಿದವು. ಅಷ್ಟರಲ್ಲಿ ಕೌಲಾಲಂಪುರ ಬಿದ್ದು ಎರಡೂವರೆ ವಾರವಾಗಿತ್ತು. ಆಕಾಶ ಪೂರ್ತಿ ಜಪಾನೀಯರದು. ಮರುದಿನ ಬಂದರಿನ ಮೇಲೆ ಬಾಂಬು ಬಿತ್ತು. 'ವೇಕ್‌ಫೀಲ್ಡ್' ಹಡಗಿನ ಆಸ್ಪತ್ರೆಯ ಭಾಗಕ್ಕೆ ತಗುಲಿ ಐವರು ಸತ್ತರು. ಅದು ಆಮೇಲೆ ಮುಂಬಯಿಗೆ ಬಂದು ತಾತ್ಕಾಲಿಕವಾಗಿ ರಿಪೇರಿ ಮಾಡಿಸಿಕೊಂಡಿತು. 'ವೆಸ್ಟ್ ಪಾಯಿಂಟ್' ಸುತ್ತಲೂ ಬಾಂಬುಗಳು ಬಿದ್ದವು, ಅದಕ್ಕೆ ದೊಡ್ಡ ಪೆಟ್ಟಾಗಲಿಲ್ಲ. ಇಳಿಯುವವರು ಇಳಿದರು. ಹತ್ತುವವರು ಹತ್ತಿದರು. ನೌಕಾನೆಲೆಯ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು, ನಾವಿಕರು, ಸಾಮಾನ್ಯ ನಾಗರಿಕರು ಎಲ್ಲ ಸೇರಿ ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ. ಹಡಗು ಬಟೇವಿಯಾ ಮಾರ್ಗವಾಗಿ ಕೊಲಂಬೊ ಸೇರಿತು.

ಸೇವಾಚರಿತ್ರೆಯಲ್ಲಿ ಆ ಪ್ರಯಾಣ ಅಲ್ಲಿಗೆ ಮುಗಿಯುತ್ತದೆ. ಇಳಿದವರ ವಿಷಯ ಬೇರೆ ಪುಸ್ತಕಗಳಲ್ಲಿದೆ.

ಹಡಗುಗಳು ಬಂದ ಎರಡು ದಿನಕ್ಕೆ, ಜನವರಿ 31ರ ಬೆಳಿಗ್ಗೆ, ಮಲಯದಿಂದ ಹಿಮ್ಮೆಟ್ಟಿದ ಸೇನೆಯ ಕೊನೆಯ ತುಕಡಿ ಸಿಂಗಪುರಕ್ಕೆ ದಾಟಿತು. ದ್ವೀಪಕ್ಕೂ ಭೂಮಿಗೂ ಇದ್ದ ಸೇತುದಾರಿಯನ್ನು ಸ್ಫೋಟಿಸಲಾಯಿತು. ಫೆಬ್ರವರಿ 5ರಂದು ಅದೇ ಡಿವಿಷನ್ನಿನ ಉಳಿದವರನ್ನು ಹೊತ್ತು ತಂದ 'ಎಂಪ್ರೆಸ್ ಆಫ್ ಏಷ್ಯಾ' ಹಡಗು ಬಂದರಿನ ಬಾಗಿಲಲ್ಲೇ ಬಾಂಬಿಗೆ ಸಿಕ್ಕಿ ಉರಿಯಿತು. ಜನ ಹೆಚ್ಚಿನವರು ಬದುಕಿದರು, ಆಯುಧಗಳು ನೀರುಪಾಲಾದವು. ಫೆಬ್ರವರಿ 8ರ ರಾತ್ರಿ ಜಪಾನೀಯರು ದ್ವೀಪದ ಮೇಲೆ ಕಾಲಿಟ್ಟರು. 15ರಂದು, ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಕುಳಿತು ಜನರಲ್ ಪರ್ಸಿವಲ್ ಶರಣಾಗತಿಗೆ ಸಹಿ ಹಾಕಿದರು.

ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಹ್ಯಾಲಿಫ್ಯಾಕ್ಸಿನಿಂದ ಸಿಂಗಪುರಕ್ಕೆ 80 ದಿನ. ಸಿಂಗಪುರದಲ್ಲಿ ಇಳಿದ ದಿನದಿಂದ ಶರಣಾಗುವವರೆಗೆ 17 ದಿನ. ಸೆರೆಯಲ್ಲಿ ಮೂರೂವರೆ ವರ್ಷ. ಈ ಮೂರು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಸಿಂಗಪುರದ ಪತನ ಎಂದರೇನೆಂದು ನನಗೆ ತಿಳಿದಷ್ಟು ಪಠ್ಯಪುಸ್ತಕದ ಯಾವ ಪಾಠದಿಂದಲೂ ತಿಳಿದಿರಲಿಲ್ಲ.

ಅವರನ್ನು ಮೊದಲು ಚಾಂಗಿಯ ಸೆರೆಶಿಬಿರದಲ್ಲಿ ಇಟ್ಟರು. ಆಮೇಲೆ ಬಹಳ ಮಂದಿಯನ್ನು ಸಯಾಮಿನಿಂದ ಬರ್ಮಾಕ್ಕೆ ರೈಲುದಾರಿ ಹಾಕಲು ಒಯ್ದರು. 415 ಕಿಲೋಮೀಟರು ಕಾಡು, ಬಂಡೆ, ಮಳೆ. ಕಾಲರಾ, ಮಲೇರಿಯಾ, ಹಸಿವು, ಹೊಡೆತ. ಹನ್ನೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ಸತ್ತರು. ಡಿವಿಷನ್ನಿನ ದಂಡನಾಯಕ ಮೇಜರ್ ಜನರಲ್ ಬೆಕ್‌ವಿತ್-ಸ್ಮಿತ್ 1942ರ ನವೆಂಬರಿನಲ್ಲಿ ಫಾರ್ಮೋಸಾದ, ಅಂದರೆ ಇಂದಿನ ತೈವಾನಿನ, ಸೆರೆಶಿಬಿರದಲ್ಲಿ ತೀರಿಕೊಂಡರು.

ಬಿಳಿಯ ಕೈದಿಗಳ ಈ ಕಥೆ ಸಿನಿಮಾಗಳಿಂದ ಜಗತ್ತಿಗೆ ಗೊತ್ತಾಯಿತು. ಅದೇ ರೈಲುದಾರಿಯಲ್ಲಿ ಅವರಿಗಿಂತ ಹಲವು ಪಟ್ಟು ಏಷ್ಯದ ಕೂಲಿಗಳು ಸತ್ತರು. ಮಲಯದ ರಬ್ಬರು ತೋಟಗಳಿಂದ ಹಿಡಿದೊಯ್ದ ತಮಿಳರು ಅವರಲ್ಲಿ ಬಹಳ ಮಂದಿ. ಸೈನಿಕರಿಗಾದರೆ ನಂಬರು, ಪಟ್ಟಿ, ಕೊನೆಗೆ ಹೆಸರು ಕೆತ್ತಿದ ಕಲ್ಲು ಇತ್ತು. ಇವರಿಗೆ ಪಟ್ಟಿಯೂ ಸರಿಯಾಗಿ ಇರಲಿಲ್ಲ.

ಇನ್ನೊಂದು ಮಾತು ನಮ್ಮವರಿಗಾಗಿ. ಸಿಂಗಪುರದಲ್ಲಿ ಸೆರೆಯಾದವರಲ್ಲಿ ಸುಮಾರು 45,000 ಮಂದಿ ಭಾರತೀಯ ಸೈನಿಕರು. ನಮ್ಮ ಮೈಸೂರು ಸಂಸ್ಥಾನದ ಪದಾತಿ ದಳವೂ ಅಲ್ಲಿತ್ತು. ಶರಣಾದ ಎರಡು ದಿನಕ್ಕೆ ಭಾರತೀಯರನ್ನು ಬ್ರಿಟಿಷರಿಂದ ಬೇರ್ಪಡಿಸಿ ಫೇರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಐಎನ್‌ಎ ಎಂಬ ಆಜಾದ್ ಹಿಂದ್ ಸೇನೆಯ ಮೊದಲ ಕರೆ ಕೇಳಿಬಂದದ್ದು ಅಲ್ಲೇ. ಸೇರಿದವರು ಕೆಲವರು, ಸೇರದೆ ಸೆರೆಯಲ್ಲೇ ಉಳಿದವರು ಕೆಲವರು. ಇವರನ್ನೆಲ್ಲ ಅಲ್ಲಿಗೆ ಒಯ್ದವು ಬೇರೆ ಹಡಗುಗಳು. ಆ ಹಡಗುಗಳ ವೇ ಬಿಲ್ಲನ್ನೂ ಯಾರಾದರೂ ಕನ್ನಡದಲ್ಲಿ ಬಿಡಿಸಿ ಬರೆದಾರೇ ಎಂದು ಕಾದಿದ್ದೇನೆ.

ಒಂಬತ್ತನೆಯ ತರಗತಿಯ ಮಗಳಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಪ್ಪಾ, ಸಿಂಗಪುರ ಹೋಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ? ಮುಂಬಯಿಯಲ್ಲೇ ಬಿಟ್ಟಿದ್ರೆ ಆಗ್ತಿರಲಿಲ್ವಾ?"

ಮಕ್ಕಳ ಇಂಥ ಪ್ರಶ್ನೆಗೆ 'ವಿಧಿ' ಎಂದು ಹೇಳಿ ಎದ್ದುಹೋಗುವುದು ಸುಲಭ. ಆದರೆ ನಿಜಸಂಗತಿ ಬೇರೆ. ಗೊತ್ತಿತ್ತು. ಜನವರಿ ಮೂರನೆಯ ವಾರದಲ್ಲಿ ಚರ್ಚಿಲ್ಲರೇ ತಮ್ಮ ಸೇನಾ ಮುಖ್ಯಸ್ಥರ ಮುಂದೆ ಈ ಮಾತೆತ್ತಿದ್ದರು. ಸಿಂಗಪುರ ಹೇಗೂ ಉಳಿಯುವಂತಿಲ್ಲವಾದರೆ ಬರುತ್ತಿರುವ ಸೇನೆಯನ್ನು ಬರ್ಮಾದ ರಂಗೂನಿಗೆ ತಿರುಗಿಸಬಾರದೇಕೆ ಎಂದು. ಸುದ್ದಿ ತಿಳಿದ ಆಸ್ಟ್ರೇಲಿಯದ ಪ್ರಧಾನಿ ಕರ್ಟಿನ್, ಸಿಂಗಪುರವನ್ನು ಕೈಬಿಟ್ಟರೆ ಅದು ನಂಬಿದವರಿಗೆ ಮಾಡುವ ದ್ರೋಹ ಎಂದು ಕಟುವಾಗಿ ತಂತಿ ಕಳಿಸಿದರು. ಅವರ ಕೋಪಕ್ಕೂ ಕಾರಣವಿತ್ತು. ಅವರ ದೇಶದ ಹುಡುಗರು ಆಗಲೇ ಮಲಯದಲ್ಲಿ ಕಾದಾಡುತ್ತಿದ್ದರು. ಲಂಡನ್ನಿನಲ್ಲಿ ಯಾರೂ ಗಟ್ಟಿಯಾಗಿ ಬೇಡ ಎನ್ನಲಿಲ್ಲ. ಹಡಗುಗಳು ಮುಂದೆ ಹೋದವು. ಯುದ್ಧ ಮುಗಿದ ಮೇಲೆ ಚರ್ಚಿಲ್ ತಮ್ಮ ಗ್ರಂಥದಲ್ಲಿ ಇದನ್ನೆಲ್ಲ ತಾವೇ ಬರೆದಿದ್ದಾರೆ.

ಮಗಳಿಗೆ ಅಷ್ಟು ಸಾಲಲಿಲ್ಲ. "ಹಾಗಾದ್ರೆ ಹಡಗಿನ ಕ್ಯಾಪ್ಟನ್ ಆದ್ರೂ ಹೇಳಬಹುದಿತ್ತಲ್ಲ" ಎಂದಳು. ಹಡಗಿನ ನಾಯಕನ ಕೆಲಸ ಸೈನಿಕರನ್ನು ಸುರಕ್ಷಿತವಾಗಿ ದಡ ಮುಟ್ಟಿಸುವುದು, ಯಾವ ದಡ ಎಂದು ತೀರ್ಮಾನಿಸುವುದಲ್ಲ ಎಂದೆ. ಅವಳು ಒಪ್ಪಲಿಲ್ಲ. ಒಪ್ಪಿಸಲು ನಾನೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಆ ಬಂದರಿನಲ್ಲಿ, ಬಾಂಬುಗಳ ನಡುವೆ, ಐದು ಸಾವಿರ ಜನರನ್ನು ಒಬ್ಬರೂ ಸಾಯದಂತೆ ಇಳಿಸುವುದು ಸಾಮಾನ್ಯ ಸಾಹಸವಲ್ಲ. ನೌಕಾಪಡೆಯ ಲೆಕ್ಕದಲ್ಲಿ ಅದು ಯಶಸ್ವಿ ಪ್ರಯಾಣವೇ. ನನ್ನನ್ನು ಕಾಡುವುದೂ ಅದೇ.

ಹತ್ತಿದವರ ವಿಷಯದಲ್ಲೂ ಒಂದು ಕಸಿವಿಸಿ ಇದೆ. ಆ ದಿನಗಳಲ್ಲಿ ಹಡಗು ಹತ್ತಲು ಅವಕಾಶ ಸಿಕ್ಕಿದ್ದು ಬಹುಮಟ್ಟಿಗೆ ಯೂರೋಪಿಯನ್ನರಿಗೆ. ಡಿಸೆಂಬರಿನಲ್ಲಿ ಪೆನಾಂಗ್ ದ್ವೀಪದಿಂದ ಬಿಳಿಯರನ್ನು ಮಾತ್ರ ಸದ್ದಿಲ್ಲದೆ ಸಾಗಿಸಿ, ಊರಿನ ಚೀನೀಯರನ್ನೂ ಮಲಯರನ್ನೂ ಭಾರತೀಯರನ್ನೂ ಅಲ್ಲೇ ಬಿಟ್ಟಿದ್ದರು. ಹಾಗೆಂದು 'ವೆಸ್ಟ್ ಪಾಯಿಂಟ್' ಹತ್ತಿದ ತಾಯಂದಿರನ್ನೂ ಮಕ್ಕಳನ್ನೂ ದೂರುವುದು ತರವಲ್ಲ. ಅವರಲ್ಲಿ ಎಷ್ಟೋ ಹೆಂಗಸರು ಗಂಡಂದಿರನ್ನು ಆ ಕಟ್ಟೆಯ ಮೇಲೆಯೇ ಬಿಟ್ಟು ಬಂದಿರಬೇಕು.

ಹಡಗಿನ ಮುಂದಿನ ಮೂರೂವರೆ ವರ್ಷ ಬಿಡುವಿಲ್ಲದ ಓಡಾಟ. ಸೂಯೆಜ್‌ನಿಂದ ಆಸ್ಟ್ರೇಲಿಯದ ಸೈನಿಕರನ್ನು ಅವರ ಊರಿಗೆ ಮುಟ್ಟಿಸಿತು. ಆಮೇಲೆ ಪೆಸಿಫಿಕ್, ಆಫ್ರಿಕ, ಯೂರೋಪು. ಇಷ್ಟೆಲ್ಲ ಓಡಾಡಿದರೂ ಅದಕ್ಕೆ ಒಂದು ಟಾರ್ಪೆಡೊ ಕೂಡ ತಗುಲಲಿಲ್ಲ. ಅದರ ಗುಟ್ಟು ವೇಗದಲ್ಲಿದೆ. ವಿದ್ಯಾರ್ಥಿಗಳು ಗಮನಿಸಬೇಕಾದ ಸರಳ ಲೆಕ್ಕ ಇದು. ಹಲವು ಹಡಗುಗಳು ಗುಂಪಾಗಿ ಹೋದರೆ ಎಲ್ಲವೂ ಅತಿ ನಿಧಾನದ ಹಡಗಿನ ವೇಗದಲ್ಲೇ ಹೋಗಬೇಕು. ಜರ್ಮನ್ ಜಲಾಂತರ್ಗಾಮಿಯ ವೇಗ ನೀರಿನ ಮೇಲೆ ಸುಮಾರು 17 ನಾಟ್, ನೀರಿನೊಳಗೆ ಅದರ ಅರ್ಧವೂ ಇಲ್ಲ. 'ವೆಸ್ಟ್ ಪಾಯಿಂಟ್' 22 ನಾಟ್ ಮೀರಿ ಓಡುತ್ತಿತ್ತು. ಹಾಗಾಗಿ ಬೆಂಗಾವಲಿಲ್ಲದೆ ಒಂಟಿಯಾಗಿ, ರಾತ್ರಿ ದೀಪವಾರಿಸಿಕೊಂಡು, ಆಗಾಗ ದಿಕ್ಕು ಬದಲಿಸಿ ಹಾವಿನಂತೆ ಅಂಕುಡೊಂಕಾಗಿ ಓಡುವುದೇ ಅದಕ್ಕೆ ಕ್ಷೇಮ. ಮುಂದೆ ಕಾದು ಕುಳಿತವನಿಗೆ ಗುರಿ ಸಿಗುವುದಿಲ್ಲ, ಹಿಂದೆ ಬಿದ್ದವನಿಗೆ ಹಡಗು ಸಿಗುವುದಿಲ್ಲ.

ಎಲ್ಲ ಹಡಗುಗಳಿಗೂ ಈ ಭಾಗ್ಯ ಇರಲಿಲ್ಲ. 1943ರ ನವೆಂಬರ್ 26ರಂದು ಮೆಡಿಟರೇನಿಯನ್ ಸಮುದ್ರದಲ್ಲಿ 'ರೋಹ್ನಾ' ಎಂಬ ಹಳೆಯ ಬ್ರಿಟಿಷ್ ಹಡಗನ್ನು ಜರ್ಮನರು ವಿಮಾನದಿಂದ ರೇಡಿಯೋ ಮೂಲಕ ನಡೆಸುವ ಹೊಸ ಬಗೆಯ ಬಾಂಬಿನಿಂದ ಹೊಡೆದರು. ಸಾವಿರಕ್ಕೂ ಮಿಕ್ಕಿ ಅಮೆರಿಕನ್ ಸೈನಿಕರು ಸತ್ತರು. ಆ ಹಡಗಿನ ಖಲಾಸಿಗಳು ಬಹುಪಾಲು ಭಾರತೀಯರು. ಅವರಲ್ಲೂ ನೂರಕ್ಕೂ ಹೆಚ್ಚು ಮಂದಿ ಹೋದರು. ಯುದ್ಧಕಾಲದ ಗೋಪ್ಯವೆಂದು ಇದರ ವಿವರ ಬಹಳ ಕಾಲ ಹೊರಬರಲಿಲ್ಲ.

'ವೆಸ್ಟ್ ಪಾಯಿಂಟ್' ಒಟ್ಟು ಮೂರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿ 1946ರ ಫೆಬ್ರವರಿಯಲ್ಲಿ ನೌಕಾಪಡೆಯಿಂದ ನಿವೃತ್ತವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹಳೆಯ ಹೆಸರು, ಹೊಸ ಬಣ್ಣ ಹೊತ್ತು, ಏಳು ವರ್ಷ ಹಿಂದೆ ಯಾವ ಕೆಲಸಕ್ಕೆಂದು ಹುಟ್ಟಿತ್ತೋ ಆ ಕೆಲಸಕ್ಕೆ ಹೋಯಿತು. 1964ರಲ್ಲಿ ಗ್ರೀಕರ ಚಾಂಡ್ರಿಸ್ ಕಂಪೆನಿ ಅದನ್ನು ಕೊಂಡು 'ಆಸ್ಟ್ರೇಲಿಸ್' ಎಂದು ಕರೆಯಿತು. 1977ರವರೆಗೆ ಅದು ಯೂರೋಪಿನಿಂದ ಆಸ್ಟ್ರೇಲಿಯಕ್ಕೆ ವಲಸೆ ಹೋಗುವ ಸಂಸಾರಗಳನ್ನು ಒಯ್ಯುತ್ತಿತ್ತು. ಬಿಳಿಯರಿಗಷ್ಟೇ ಬಾಗಿಲು ತೆರೆದಿದ್ದ ಆಸ್ಟ್ರೇಲಿಯದ ವಲಸೆ ನೀತಿ ಪೂರ್ತಿ ಹೋದದ್ದು 1973ರಲ್ಲಿ ಎಂಬುದನ್ನೂ ಇಲ್ಲೇ ನೆನೆಯಬಹುದು. ಹಾಗಿದ್ದರೂ ಆ ಹಡಗಿನಲ್ಲಿ ಹೋದ ಬಡ ಸಂಸಾರಗಳಿಗೆ ಅದು ಹೊಸ ಬಾಳಿನ ಹೊಸ್ತಿಲು.

ಆಮೇಲಿನದು ಇಳಿಗಾಲ. 1978ರಲ್ಲಿ ನ್ಯೂಯಾರ್ಕಿನಿಂದ ವಿಹಾರಕ್ಕೆ ಹೊರಟಾಗ ಒಳಗಿನ ಗಲೀಜು ಕಂಡ ಪ್ರಯಾಣಿಕರು ದಂಗೆಯೆದ್ದು ಹಡಗನ್ನು ವಾಪಸು ತಿರುಗಿಸಿದರು! ಮಾರಾಟವಾದಂತೆಲ್ಲ ಹೆಸರು ಬದಲಾಯಿತು. ತೋರಿಕೆಯ ಆ ಮುಂದಿನ ಕೊಳವೆಯನ್ನೂ ಕಿತ್ತರು. ವರ್ಷಗಟ್ಟಲೆ ಗ್ರೀಸಿನ ಬಂದರಿನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. ಕೊನೆಗೆ ಥಾಯ್ಲೆಂಡಿನ ಫುಕೆಟ್‌ನಲ್ಲಿ ತೇಲುವ ಹೋಟೆಲು ಮಾಡುತ್ತೇವೆಂದು ಯಾರೋ ಕೊಂಡು, 'ಅಮೆರಿಕನ್ ಸ್ಟಾರ್' ಎಂದು ಹೆಸರಿಟ್ಟು, ಇನ್ನೊಂದು ಹಡಗಿಗೆ ಹಗ್ಗ ಕಟ್ಟಿ ಎಳೆದೊಯ್ದರು. ಅಟ್ಲಾಂಟಿಕ್ಕಿನ ಬಿರುಗಾಳಿಗೆ ಹಗ್ಗ ಹರಿಯಿತು. ಹಡಗಿನಲ್ಲಿದ್ದ ನಾಲ್ವರನ್ನು ಹೆಲಿಕಾಪ್ಟರಿನಲ್ಲಿ ಪಾರುಮಾಡಿದರು. 1994ರ ಜನವರಿ 18ರಂದು ಅದು ಸ್ಪೇನಿನ ಕ್ಯಾನರಿ ದ್ವೀಪಗಳಲ್ಲೊಂದಾದ ಫುಯೆರ್ಟೆವೆಂಚುರಾದ ದಡಕ್ಕೆ ಬಡಿದು, ಎರಡೇ ದಿನದಲ್ಲಿ ಅಲೆಗಳ ಹೊಡೆತಕ್ಕೆ ಇಬ್ಭಾಗವಾಯಿತು.

ಹಿಂಭಾಗ 1996ರಲ್ಲಿ ಮುಳುಗಿತು. ಮುಂಭಾಗ ಇನ್ನೂ ಹತ್ತು ವರ್ಷ ತಲೆಯೆತ್ತಿ ನಿಂತಿತ್ತು. 2007ರ ಹೊತ್ತಿಗೆ ಅದೂ ಕುಸಿಯಿತು. ಈಗ ಇಳಿತದ ಹೊತ್ತಿನಲ್ಲಿ ಮಾತ್ರ ತುಕ್ಕು ತಿಂದ ಕಬ್ಬಿಣದ ಒಂದೆರಡು ತುಂಡು ನೀರಿನ ಮೇಲೆ ಕಾಣುತ್ತವೆ.